ಡಬ್ಬಿಯಲ್ಲಿ ಸೀಸ ಇರಲಿಲ್ಲ

"ಇದನ್ನ ಓದೀರೋ, ಇಲ್ಲಾ ಶಿಕ್ಕಾ ನೋಡಿ ಫೈಲಿಗೆ ಸೇರಸೀರೋ?"

ಸಿದ್ದಾರೂಢ ಪ್ರಯೋಗಾಲಯದ ವರದಿಯನ್ನು ಫೌಜದಾರ ಸುಹಾಸನ ಮೇಜಿನ ಮೇಲೆ ಬಡಿದ ರಭಸಕ್ಕೆ ಚಹಾದ ಗ್ಲಾಸು ಜಿಗಿದು ಬಿತ್ತು. ಸುಹಾಸ ಮೊದಲು ಮೊಬೈಲು ಎತ್ತಿಕೊಂಡ, ಆಮೇಲೆ ಫೈಲು ಎತ್ತಿಕೊಂಡ. ಈಗಿನವರ ಕ್ರಮವೇ ಅದು.

"ಆವಾಜ್ ಕಮ್ಮಿ ಕಾಕಾ. ಚೌಕಿ ಅದ ಇದು, ನಿಮ್ಮ ಖಾನಾವಳಿ ಅಲ್ಲ." ಸುಹಾಸನ ತಾಯಿ ಬೆಳಗಾವಿಯವಳು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಿಟ್ಟು ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. "ಓದೇನಿ. ಡಬ್ಬಿ ಮ್ಯಾಲೆ ಪ್ರೋಟೀನ್ ಪೌಡರ್ ಅಂತ ಬರದದ. ಒಳಗ ಏನದ? ಹುರಿಗಡ್ಲಿ, ಗೋಧಿ, ಅಗಸಿ, ಒಂದೀಟು ಕೋಕೋ. ಸರಳ ಸರಳ ಫಸವಣೂಕ, ಮೋಸ! ಆ ಮಿಥುನನ ಮ್ಯಾಲೆ ಇನ್ನೊಂದು ಕಲಂ ಹಚ್ಚತೇನಿ."

"ಅದು ಮೂರನೇ ಸಾಲು. ನಾಲ್ಕನೇ ಸಾಲು ಓದ್ರಿ."

ಸುಹಾಸ ಓದಲಿಲ್ಲ. ಓದಿದವರ ಹಾಗೆ ಮುಖ ಮಾಡಿ ಫ್ಯಾನು ನೋಡಿದ.

"ನಾನಽ ಓದ್ತೇನಿ. ಸೀಸ: ಕಂಡುಬಂದಿಲ್ಲ. ಕಂಡುಬಂದಿಲ್ಲ ಅಂದ್ರ ಇಲ್ಲ! ಹುಡುಗನ ರಕ್ತದ ತುಂಬ ಸೀಸ ಅದ, ಡಬ್ಬಿಯೊಳಗ ಸೀಸ ಇಲ್ಲ. ಮತ್ತ ಹದಿಮೂರು ದಿವಸ ಮಿಥುನನ್ನ ಒಳಗ ಯಾಕ ಇಟ್ಟೀರಿ? ಉಪ್ಪಿನಕಾಯಿ ಹಾಕಲಿಕ್ಕೇನು?"

ಹದಿಮೂರು ದಿನಗಳ ಹಿಂದೆ ಪುಣೆಯ ಚಿಂಚವಾಡದ ಜಿಮ್ಮಿನಲ್ಲಿ ಭಾರ ಎತ್ತುತ್ತಿದ್ದ ಪುನೀತ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದವನು ಇನ್ನೂ ಆಸ್ಪತ್ರೆಯಿಂದ ಎದ್ದಿರಲಿಲ್ಲ. ಅವನ ಚೀಲದಲ್ಲಿ ಸಿಕ್ಕದ್ದು ಮಿಥುನನ ಅಂಗಡಿಯ ಪ್ರೋಟೀನ್ ಡಬ್ಬಿ. ಅಷ್ಟೇ ಸಾಕಾಯಿತು. ಎತ್ತು ಈಯಿತು ಎಂದ ಕೂಡಲೇ ಕರುವನ್ನು ಕೊಟ್ಟಿಗೆಗೆ ಕಟ್ಟುವ ಜನ ನಮ್ಮವರು. ಮರುದಿನವೇ ಎಲ್ಲರ ಮೊಬೈಲಿನಲ್ಲಿ ಆ ಡಬ್ಬಿಯ ಫೋಟೋ, ಕೆಳಗೆ ಕೈ ಮುಗಿಯುವ ಗುರುತು, 'ನಿಮ್ಮ ಮಕ್ಕಳನ್ನು ಉಳಿಸಿಕೊಳ್ಳಿ' ಎಂಬ ಒಕ್ಕಣೆ. ಮಿಥುನನ ಅಂಗಡಿಯ ಗಾಜು ಒಡೆಯಿತು. ಡಬ್ಬಿಯನ್ನು ಪರೀಕ್ಷೆಗೆ ಕಳಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಅದಕ್ಕಾಗಿ ಸಿದ್ದಾರೂಢನೇ ಈ ಚೌಕಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿಯಬೇಕಾಯಿತು.

ಅವನಿಗೆ ಈ ವಿಷಯ ಹೊಸದಲ್ಲ. ಆಹಾರ ಪರೀಕ್ಷಿಸುವ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಬಾಟಲಿ ತೊಳೆದು, ಮಾದರಿ ಹೊತ್ತು, ದೊಡ್ಡವರು ಮಾಡುವುದನ್ನು ನೋಡಿ ಕಲಿತವನು. ಒಂದು ದಿನ ಸಾಹೇಬನ ಮುಖದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೊರಬಿದ್ದ. ಈಗ ಚಿಂಚವಾಡದಲ್ಲಿ ಖಾಸಗಿ ತನಿಖೆಯ ಬೋರ್ಡು ಹಾಕಿಕೊಂಡಿದ್ದಾನೆ. ಈ ಕೆಲಸಕ್ಕೆ ಅವನನ್ನು ಹಚ್ಚಿದವಳು ಪುನೀತನ ತಾಯಿ ಗೌರಾಬಾಯಿ. ಅವಳ ಖಾನಾವಳಿಯಲ್ಲಿ ಅವನು ಒಂಬತ್ತು ವರ್ಷಗಳಿಂದ ಎರಡು ಹೊತ್ತು ಉಣ್ಣುತ್ತಿದ್ದ. "ನನ್ನ ಮಗಗ ವಿಷಾ ಹಾಕಿದಾಂವನ ಹಿಡದ ಕೊಡು" ಎಂದು ಅತ್ತವಳು ಅವಳೇ.

"ಡಬ್ಬಿ ತೋರಸ್ರಿ" ಎಂದ ಸಿದ್ದಾರೂಢ.

"ಮುದ್ದೇಮಾಲು ಅದು."

"ಗೊತ್ತದ. ನಾ ಏನ್ ಮನಿಗೆ ಒಯ್ಯೂದಿಲ್ಲ."

ಸುಹಾಸ ಗೊಣಗುತ್ತ ಕಪಾಟು ತೆಗೆದು ಡಬ್ಬಿ ಇಟ್ಟ. ಸಿದ್ದಾರೂಢ ಮುಚ್ಚಳ ತಿರುವಿ ಬೆರಳು ಅದ್ದಿ ಬಾಯಿಗಿಟ್ಟುಕೊಂಡ.

"ಅಹೋ! ಮುದ್ದೇಮಾಲು ತಿಂತೀರೇನ್ರಿ ಕಾಕಾ!"

"ಸೀಸ ಇಲ್ಲಂತ ಬರದಾರಲ್ಲ, ನಾ ಯಾಕ ಸಾಯಲಿ?"

ಮೊದಲು ಕೋಕೋದ ಕಹಿ ಬಂತು. ಅದರ ಹಿಂದೆ ಏಲಕ್ಕಿ, ಒಣಶುಂಠಿ. ಕೊನೆಗೆ ನಾಲಿಗೆಯ ಬುಡದಲ್ಲಿ ಅಗಸಿ. ಹದಕ್ಕಿಂತ ಒಂದು ಎಳೆ ಹೆಚ್ಚು ಹುರಿದ, ಇನ್ನೇನು ಹೊತ್ತಿತು ಎನ್ನುವ ಹೊತ್ತಿಗೆ ಇಳಿಸಿದ ಅಗಸಿ.

ಸಿದ್ದಾರೂಢ ಮುಚ್ಚಳ ಹಾಕುವುದನ್ನು ಮರೆತು ನಿಂತ. ಈ ಕೈಯ ಗುರುತು ಅವನಿಗಿತ್ತು. ಹೇಳಲಿಲ್ಲ. ಹೇಳಿದ್ದರೆ ಸುಹಾಸ ಆಗಲೇ ಇನ್ನೊಂದು ಕಲಂ ಹುಡುಕುತ್ತಿದ್ದ.

"ಏನಂತೈತಿ ರಿಪೋರ್ಟು?"

ಬಾಗಿಲಲ್ಲಿ ಶಿವರುದ್ರಪ್ಪ ನಿಂತಿದ್ದ. ಗೌರಾಬಾಯಿಯ ಅಣ್ಣ. ಪಿಂಪ್ರಿಯಲ್ಲಿ ಹಳೆಯ ತಾಮ್ರ, ಹಿತ್ತಾಳೆ, ತವರ ಕೊಂಡು ಮಾರುವ ದೊಡ್ಡ ಅಂಗಡಿ ಅವನದು. ಬಿಳಿ ಪೈಜಾಮ, ಹೆಗಲ ಮೇಲೆ ಮಡಿಚಿದ ಟವೆಲು, ಯಾವಾಗಲೂ ಮೆತ್ತಗಿನ ಮಾತು. ಮಿಥುನನ ಮೇಲೆ ದೂರು ಕೊಟ್ಟವನೂ ಅವನೇ, ಅಳಿಯನನ್ನು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನೋಡಿ ಬರುವವನೂ ಅವನೇ. ಸುಹಾಸ ಎದ್ದು ಕುರ್ಚಿ ಕೊಟ್ಟ. ಹದಿಮೂರು ದಿನಗಳಲ್ಲಿ ಸಿದ್ದಾರೂಢನಿಗೆ ಒಮ್ಮೆಯೂ ಕುರ್ಚಿ ಸಿಕ್ಕಿರಲಿಲ್ಲ.

"ಡಬ್ಬಿಯೊಳಗ ಸೀಸ ಇಲ್ಲರೀ ಮಾಮಾ" ಎಂದ ಸುಹಾಸ.

"ಅಂದ್ರ ಲ್ಯಾಬಿನವ್ರೂ ರೊಕ್ಕಾ ತಿಂದಾರ" ಎಂದ ಶಿವರುದ್ರಪ್ಪ. ಸಿಟ್ಟಿಲ್ಲ, ಬೇಸರವಿಲ್ಲ, ಮಳೆ ಬಂತು ಎಂದ ಹಾಗೆ. "ಸಿದ್ದಾರೂಢಪ್ಪಾ, ಕಳ್ಳ ಸಿಕ್ಕಾನ. ಇನ್ನ ನೀ ಯಾಕ ಕಾಲಾಗಿನ ಚಪ್ಪಲಿ ಸವಸ್ತಿ? ತಂಗಿಗೆ ನಾ ಹೇಳ್ತೇನಿ, ನಿನ್ನ ಕೆಲಸ ಮುಗೀತು ಅಂತ."

"ಮುಗದಿಲ್ರಿ. ಡಬ್ಬಿ ಅಲ್ಲಂದ್ರ ಮತ್ತೇನೋ ಅದ. ಹುಡುಗನ ಹೊಟ್ಟಿಗೆ ಏನೇನು ಹೋಗೇದ, ಒಂದೊಂದಽ ಹುಡುಕ್ತೇನಿ."

ಶಿವರುದ್ರಪ್ಪ ಹೆಗಲ ಟವೆಲು ತೆಗೆದು ಮತ್ತೆ ಮಡಿಚಿದ. ಮಡಿಕೆ ಮೊದಲೇ ಸರಿಯಾಗಿತ್ತು.

"ಹುಡುಕು, ಹುಡುಕು" ಎಂದ. "ನಾ ದವಾಖಾನಿಗೆ ಹೊಂಟೇನಿ."

ಅವನು ಹೋದ ಹತ್ತು ನಿಮಿಷಕ್ಕೆ ಸಿದ್ದಾರೂಢನ ಫೋನು ಬಡಿದುಕೊಂಡಿತು. ಡಾಕ್ಟರ್ ನೀಲಿಮಾ. ಧಾರವಾಡದ ಹುಡುಗಿ, ಪುನೀತನನ್ನು ನೋಡುತ್ತಿರುವವಳು. ಯಾವತ್ತೂ ಗಡಿಬಿಡಿ ಮಾಡದವಳ ಧ್ವನಿಯಲ್ಲಿ ಇಂದು ಗಡಿಬಿಡಿ ಇತ್ತು.

"ಕಾಕಾ, ಸೀಸದ ರಿಪೋರ್ಟ್ ಮತ್ತ ಬಂತು. ಸೇರಿಸಿದಾಗ ಅರವತ್ತೆರಡು ಇತ್ತು. ಈಗ ಎಪ್ಪತ್ತಾರು."

"ಇಳೀಬೇಕಾಗಿತ್ತಲ್ಲವಾ?"

"ಇಳೀಬೇಕಾಗಿತ್ತು. ಏರೇದ. ಅಂದ್ರ ಇನ್ನೂ ಒಳಗ ಹೋಗ್ಲಿಕ್ಕೆ ಹತ್ತೇದ. ನನ್ನ ವಾರ್ಡಿನೊಳಗ, ನನ್ನ ಕಣ್ಣ ಮುಂದ!"

ಸಿದ್ದಾರೂಢ ಎದುರಿನ ಡಬ್ಬಿಯನ್ನು ನೋಡಿದ. ಹದಿಮೂರು ದಿನಗಳಿಂದ ಅದು ಪೊಲೀಸರ ಬೀಗದೊಳಗಿತ್ತು.

"ಔಷಧ ಶುರು ಮಾಡಿಬಿಡವಾ ತಂಗಿ."

"ಅದಽ ಸಂಕಟ. ಹೊರಗಿಂದ ಬರೋದು ನಿಂತ ಮ್ಯಾಲೆ ಕೊಡೋ ಔಷಧ ಅದು. ನಿಲ್ಲದ ಕೊಟ್ರ ಮೈ ಇನ್ನೂ ಜಾಸ್ತಿ ಹೀರಿಕೊಳ್ತದ. ಇವತ್ತ ಬೆಳಿಗ್ಗೆ ಬಲಗೈ ಜೋತುಬಿದ್ದದ ಕಾಕಾ, ಚಮಚಾ ಹಿಡೀಲಿಕ್ಕೆ ಆಗವಲ್ದು. ಇನ್ನ ಮಿದುಳಿಗೆ ಹತ್ತಿದ್ರ ಮುಗೀತು. ಎಲ್ಲಿಂದ ಬರ್ತದ ಅಂತ ಹುಡುಕಿ ಕೊಡ್ರಿ. ನನ್ನ ಹತ್ರ ಎರಡು ದಿನ ಅದ, ಅಷ್ಟಽ."

"ಅಲ್ಲೇ ದವಾಖಾನಿ ಊಟ ಬಿಟ್ಟು ಬ್ಯಾರೆ ಏನರ ತಿಂತಾನೇನು?"

"ಹೊರಗಿಂದು ಏನೂ ಬಿಡಬ್ಯಾಡ್ರಿ ಅಂತ ಹೇಳೇನಿ. ಆದ್ರ ನಮ್ಮ ಮಂದಿ ನಿಮಗ ಗೊತ್ತದ ಅಲ್ಲ."

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಸಾಯುವವನ ಬಾಯಿಗೂ ಮನೆಯ ಸಾರೇ ಬೇಕು ಎನ್ನುವ ಮಂದಿ.

ಚೌಕಿಯಿಂದ ಖಾನಾವಳಿಗೆ ಎರಡೂವರೆ ಕಿಲೋಮೀಟರು. ಸ್ಕೂಟರಿನ ಮೇಲೆ ಮುಕ್ಕಾಲು ಗಂಟೆ ಹಿಡಿಯಿತು. ರಸ್ತೆ ಅಗೆದಿದ್ದರು, ಮುಚ್ಚಿದ್ದರು, ಮುಚ್ಚಿದ್ದನ್ನು ಮತ್ತೆ ಅಗೆದಿದ್ದರು. ಸಿಗ್ನಲಿನಲ್ಲಿ ಸಿದ್ದಾರೂಢ ಎದುರಿನ ಬಸ್ಸಿಗೆ, ಸೂರ್ಯನಿಗೆ, ತನ್ನ ಬುದ್ಧಿಗೆ ಬೈದ. ಒಂಬತ್ತು ವರ್ಷ ಉಂಡ ಕೈ. ಆ ಕೈಯ ರುಚಿಯನ್ನು ಇವತ್ತು ಪೊಲೀಸರ ಡಬ್ಬಿಯಲ್ಲಿ ಕಂಡಿದ್ದ. ಈಗ ಹೋಗಿ ಏನೆಂದು ಕೇಳಬೇಕು?

ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಕೊನೆಯ ಪಂಕ್ತಿಯ ಇಬ್ಬರು ಕಾರ್ಖಾನೆಯವರು ಕೈ ತೊಳೆದು ಹೊರಟರು. ಒಳಗೆ ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಐವತ್ತೈದರ ಗಟ್ಟಿ ಹೆಂಗಸು. ಮಗ ಮಲಗಿದ ದಿನದಿಂದ ಅವಳು ರೊಟ್ಟಿ ಬಡಿಯುವ ಸದ್ದು ಇನ್ನೂ ಜೋರಾಗಿತ್ತು.

"ಬಾ ಸಿದ್ದಪ್ಪಾ. ಊಟಕ್ಕ ಯಾಕ ಬರಲಿಲ್ಲ? ಬದನೀಕಾಯಿ ಇಟ್ಟೇನಿ ನಿನಗ."

"ಗೌರಕ್ಕ, ಡಬ್ಬಿಯೊಳಗಿನ ಪೌಡರ್ ಎಲ್ಲೆ ಚೆಲ್ಲಿದಿ?"

ರೊಟ್ಟಿಯ ಸದ್ದು ನಿಂತಿತು.

"ಯಾವ ಡಬ್ಬಿ?"

"ನನ್ನ ಮುಂದ ನಾಟಕ ಬ್ಯಾಡ. ಅಗಸೀನ ಹಂಗ ಹೊತ್ತಸಾಕಿ ಇಡೀ ಪುಣೇದಾಗ ನೀ ಒಬ್ಬಾಕಿನಽ."

"ಹೊತ್ತಸೂದಿಲ್ಲ! ಕೆಂಪಗ ಹುರೀತೇನಿ!" ಎಂದಳು ಗೌರಾಬಾಯಿ ಥಟ್ಟನೆ. ಆಮೇಲೆ ತಾನು ಒಪ್ಪಿಕೊಂಡದ್ದು ಅವಳಿಗೇ ಹೊಳೆಯಿತು. ಹಿಟ್ಟಿನ ಕೈಯಿಂದಲೇ ಸೆರಗು ಎಳೆದು ಬಾಯಿಗೆ ಒತ್ತಿಕೊಂಡಳು.

ಸಿದ್ದಾರೂಢ ಅಲ್ಲೇ ಇದ್ದ ಎಣ್ಣೆಯ ಡಬ್ಬದ ಮೇಲೆ ಕುಳಿತ. ಕುಳಿತರೆ ಸಿಟ್ಟು ಇಳಿದೀತು ಎಂದುಕೊಂಡ. ಇಳಿಯಲಿಲ್ಲ.

"ಹೇಳು."

"ಏನು ಹೇಳ್ಲಿ? ಮೊಬೈಲಿನ್ಯಾಗ ಒಬ್ಬ ಡಾಕ್ಟರ್ ಹೇಳಾಕತ್ತಿದ್ದ. ಆ ಪೌಡರಿನ್ಯಾಗ ಸೀಸಾ ಇರತೈತಿ, ಏನೇನೋ ಲೋಹ ಇರತಾವು, ಕಿಡ್ನಿ ಹೋಗತೈತಿ ಅಂತ. ಪುನ್ಯಾಗ ಹೇಳಿದ್ನಿ. 'ಅವ್ವಾ, ನಿನಗೇನ್ ತಿಳೀತೈತಿ, ರೊಟ್ಟಿ ಬಡಿ' ಅಂದ. ಮತ್ತೇನ್ ಮಾಡ್ಲಿ? ಅಂವ ಡ್ಯೂಟಿಗೆ ಹೋದ ಮ್ಯಾಗ ಪೌಡರ್ ಗಟಾರಕ್ಕ ಸುರದು, ನನ್ನ ಹುರಿಹಿಟ್ಟ ತುಂಬಿದ್ನಿ. ಬಣ್ಣಾ ಬರಲಿ ಅಂತ ಕೋಕೋ ಹಾಕಿದ್ನಿ."

"ಎಷ್ಟು ದಿನದಿಂದ?"

"ಯುಗಾದಿಯಿಂದ."

"ಮೂರು ತಿಂಗಳು! ಅಂವಗ ಗೊತ್ತಾಗಲಿಲ್ಲೇನು?"

"'ಈ ಸಲದ ಪೌಡರ್ ಭಾರಿ ಐತಿ ಅವ್ವಾ, ತೋಳು ಹೆಂಗ ಬಂದಾವು ನೋಡು' ಅಂತಿದ್ದ."

ಬೇರೆ ದಿನವಾಗಿದ್ದರೆ ಸಿದ್ದಾರೂಢ ಬಿದ್ದು ಬಿದ್ದು ನಗುತ್ತಿದ್ದ. ಈಗ ಮೈ ಉರಿಯಿತು.

"ಅಲ್ಲಿ ಒಬ್ಬಾಂವ ನಿನ್ನ ಹುರಿಹಿಟ್ಟಿನ ಸಲುವಾಗಿ ಹದಿಮೂರು ದಿನದಿಂದ ಒಳಗ ಕೊಳಿಯಾಕ ಹತ್ಯಾನ. ಅವನ ಅಂಗಡಿ ಒಡದ್ರು. ಅವನ ಹೆಂಡತಿ ನಿನ್ನ ಬಾಗಿಲಿಗೆ ಬಂದು ಅತ್ತು ಹೋದ್ಲು. ನೀ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡದಿ! ಮನಶಾಳೋ ಏನು ಕಲ್ಲೋ ನೀ?"

"ಹೌದು, ಬಾಯಿ ಮುಚ್ಚಿದ್ನಿ!" ಗೌರಾಬಾಯಿ ಎದ್ದು ನಿಂತಳು. "ಯಾಕ ಮುಚ್ಚಿದ್ನಿ ಅದನ್ನ ಕೇಳು. ಡಬ್ಯಾಗ ಇದ್ದದ್ದು ನನ್ನ ಹಿಟ್ಟು. ಹೆತ್ತ ಮಗಗ ನಾನಽ ವಿಷಾ ಹಾಕೀನೇನು ಅನ್ನೂದು ಹೆಂಗ ನುಂಗಲಿ? ಅವತ್ತಿನಿಂದ ದಿನಾ ಅದಽ ಹಿಟ್ಟು ಒಂದ್ ಬಟ್ಟಲಾ ತಿನ್ನಾಕತ್ತೇನಿ. ನಾನೂ ಬೀಳ್ತೀನೇನು ನೋಡೂಣು ಅಂತ. ಬಿದ್ದಿದ್ರ ನಾನಽ ಚೌಕಿಗೆ ಹೋಗ್ತಿದ್ನಿ. ಬೀಳವಲ್ನಿ ಸಿದ್ದಪ್ಪಾ! ನನಗೇನೂ ಆಗವಲ್ದು!"

ಸಿದ್ದಾರೂಢನ ಬಾಯಿಯಲ್ಲಿದ್ದ ಬೈಗುಳ ಅಲ್ಲೇ ಒಣಗಿತು. ಹದಿಮೂರು ದಿನ ಈ ಹೆಂಗಸು ಒಬ್ಬಳೇ ಕುಳಿತು, ತನ್ನ ಹೊಟ್ಟೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದಳು.

"ಹಿಟ್ಟಿನಾಗ ಏನೂ ಇಲ್ಲ ಅಕ್ಕ" ಎಂದ ಮೆತ್ತಗೆ. "ರಿಪೋರ್ಟ್ ಬಂದದ. ನಿನ್ನ ಹಿಟ್ಟು ಸ್ವಚ್ಛ ಅದ."

ಗೌರಾಬಾಯಿ ಗೋಡೆಗೆ ಆತು ಕುಸಿದಳು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಮತ್ತ ಬಂದ ಕೂಡ್ಲೇ ಅದನ್ನ ಹೇಳೂದು ಬಿಟ್ಟು ಕೋರ್ಟಿನಂಗ ಕೇಳಾಕತ್ತೀಯಲ್ಲ, ಭಾಡ್ಯಾ!"

"ಬೈ, ಆಮ್ಯಾಲೆ ಇನ್ನೂ ಬೈ. ಈಗ ಖರೇ ಹೇಳು. ದವಾಖಾನಿಗೆ ಏನು ಕಳಸ್ತಿ?"

"ಏನೂ ಇಲ್ಲ. ಅಲ್ಲೆ ಬಿಡೂದಿಲ್ಲ."

"ಗೌರಕ್ಕ."

"ಏನೂ ಇಲ್ಲ ಅಂದ್ನೆಲ್ಲಾ."

"ಅವನ ರಕ್ತದಾಗ ಸೀಸ ಏರಾಕ ಹತ್ತೇದ. ಬಲಗೈ ಬಿದ್ದದ. ಏನು ಕಳಸ್ತಿ?"

ಕೈ ಬಿದ್ದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಮಜ್ಜಿಗಿ" ಎಂದಳು. "ರಾತ್ರಿ ನೆನಸಿಟ್ಟ ಜ್ವಾಳದ ನುಚ್ಚು, ಹುಳಿ ಮಜ್ಜಿಗಿ. ಅಲ್ಲಿ ಊಟಾ ಅವಗ ಸೇರೂದಿಲ್ಲ. ಮುಂಜಾನೆ ಅಣ್ಣ ಹೋಗ್ತಾನ, ಚೀಲದಾಗ ಹಾಕ್ಕೊಂಡು ಒಯ್ತಾನ. ಮಜ್ಜಿಗಿ, ಸಿದ್ದಪ್ಪಾ! ಮಜ್ಜಿಗ್ಯಾಗ ಏನಿರತೈತಿ?"

"ಮಜ್ಜಿಗಿ ಇರತದ. ಅದನ್ನ ಎದರಾಗ ಹಾಕಿ ಕಳಸ್ತಿ?"

ಗೌರಾಬಾಯಿ ಮೇಲಿನ ಹಲಗೆಯತ್ತ ನೋಡಿದಳು.

ಅಲ್ಲಿ ಮುಚ್ಚಳವಿದ್ದ ಒಂದು ಹಿತ್ತಾಳೆಯ ತಂಬಿಗೆ ಇತ್ತು. ಹೊರಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಳದಿ. ಒಳಗೆ ತವರದ ಕಲಾಯಿ, ಕನ್ನಡಿಯ ಹಾಗೆ.

"ಜೋಡಿ ತಂಬಿಗಿ. ಒಂದು ಹೋದ್ರ ಒಂದು ಬರತೈತಿ" ಎಂದಳು. "ಮೊದಲ ಆ ಪ್ಲಾಸ್ಟಿಕಿನ ಬಾಟ್ಲ್ಯಾಗ ಪೌಡರ್ ಕಲಸ್ತಿದ್ದ. ಪ್ಲಾಸ್ಟಿಕ್ ವಿಷಾ ಅಂತ ಬಂತು, ಒಗದ್ನಿ. ಅಲ್ಯುಮಿನಿಯಂ ಕೆಟ್ಟದ್ದು ಅಂತ ಬಂತು, ಅದನ್ನೂ ಒಗದ್ನಿ. ಹಿರೇರು ಹಿತ್ತಾಳ್ಯಾಗ ಕುಡದು ಗಟ್ಟಿ ಇದ್ದರಲ್ಲ ಅಂತ ನಮ್ಮವ್ವನ ಕಾಲದ ತಂಬಿಗಿ ತಗದು ಕಲಾಯಿ ಹಾಕಿಸಿ ಕೊಟ್ಟೆ. ಇದರಾಗಽ ಮಜ್ಜಿಗಿಗೆ ಹಿಟ್ಟು ಕಲಸ್ಕೊಂಡು ಜಿಮ್ಮಿಗೆ ಒಯ್ತಿದ್ದ."

"ನೀ ಹಿಟ್ಟು ಎದರಾಗ ತಿಂದಿ?"

"ಸ್ಟೀಲಿನ ಬಟ್ಟಲದಾಗ. ಹಾಲು ಹಾಕ್ಕೊಂಡು."

ಸಿದ್ದಾರೂಢ ತಂಬಿಗೆ ಇಳಿಸಿಕೊಂಡ. ಒಳಕ್ಕೆ ಕೈ ಹಾಕಿ ಉಗುರಿನಿಂದ ಗೀರಿದ. ಕಲಾಯಿ ಮೆತ್ತಗೆ, ಸಾಬೂನಿನ ಹಾಗೆ, ಉಗುರಿನ ಸಂದಿಗೆ ಬಂತು. ತಳದಿಂದ ಮೇಲೆ, ಮಜ್ಜಿಗೆ ನಿಲ್ಲುವ ಮಟ್ಟದವರೆಗೆ, ಹೊಳಪು ಸತ್ತು ಬೂದಿಬಣ್ಣಕ್ಕೆ ತಿರುಗಿತ್ತು. ಹುಳಿ ಅಲ್ಲಿಂದ ತಿನ್ನುತ್ತ ಬಂದಿತ್ತು.

"ಇನ್ನೊಂದು ಕಲಾಯಿ ಭಾಂಡೆ ಕೊಡು. ಹಳೇದು."

ಅವಳು ಸಾರಿನ ಗುಂಡಿ ತಂದುಕೊಟ್ಟಳು. ಅದನ್ನು ಚಾಕುವಿನಿಂದ ಗೀರಬೇಕಾಯಿತು. ಸಿದ್ದಾರೂಢ ಪ್ರಯೋಗಾಲಯದ ವರದಿಯನ್ನು ಮಗುಚಿ, ಗುಂಡಿಯ ಚೂರನ್ನು ಕಾಗದದ ಮೇಲೆ ಒತ್ತಿ ಎಳೆದ. ಗುರುತು ಬೀಳಲಿಲ್ಲ ಎನ್ನುವಷ್ಟು ತೆಳು. ತಂಬಿಗೆಯ ಚೂರನ್ನು ಬೆರಳಲ್ಲಿ ಉಂಡೆ ಮಾಡಿ ಅದರ ಪಕ್ಕದಲ್ಲಿ ಎಳೆದ.

ಕಪ್ಪಗೆ ಒಂದು ಗೆರೆ ಬಿತ್ತು. ಶಾಲೆಯ ಹುಡುಗ ಪೆನ್ಸಿಲಿನಿಂದ ಎಳೆದ ಹಾಗೆ.

"ತವರ ಹಿಂಗ ಬರಿಯೂದಿಲ್ಲ ಅಕ್ಕ. ಸೀಸ ಬರೀತದ. ಕಲಾಯಿ ಅಂತ ಸೀಸಾ ಹಚ್ಯಾರ. ರಾತ್ರಿಯೆಲ್ಲಾ ಹುಳಿ ಮಜ್ಜಿಗಿ ಇದರಾಗ ನಿಂತದ. ಅದನ್ನ ದಿನಾ ಅಂವ ಕುಡದಾನ."

ಗೌರಾಬಾಯಿ ಆ ಗೆರೆಯನ್ನು ನೋಡುತ್ತಲೇ ಇದ್ದಳು. ಆಮೇಲೆ ಹಿಟ್ಟಿನ ಕೈಯಿಂದ ತನ್ನ ಕೆನ್ನೆಗೆ ತಾನೇ ರಪ್ಪೆಂದು ಹೊಡೆದುಕೊಂಡಳು. ಎರಡನೆಯ ಸಲ ಕೈ ಎತ್ತಿದಾಗ ಸಿದ್ದಾರೂಢ ಹಿಡಿದ.

"ಅದಕ್ಕೆಲ್ಲಾ ಈಗ ಪುರಸೊತ್ತಿಲ್ಲ. ಕಲಾಯಿ ಯಾರು ಹಾಕಿದ್ರು?"

"ಓಣ್ಯಾಗ ಬರ್ತಾನಲ್ಲ, ಆ ಮುದುಕ." ಅವಳ ಧ್ವನಿ ನೆಲಕ್ಕಿಳಿದಿತ್ತು. "ಅಂವ ಹೇಳಿದ್ದ, ಸಿದ್ದಪ್ಪಾ. ತವರದ ಕಡ್ಡಿ ಬೆಂಕಿಗೆ ಹಿಡದು, 'ಬಾಯಿ, ಹ್ಯಾತ ಶಿಸಂ ಆಹೇ' ಅಂದ. ಇದರಾಗ ಸೀಸಾ ಐತಿ, ನನ್ನ ತವರಾ ಹಾಕ್ತೇನಿ ಅಂದ. ತನ್ನ ಮಾಲು ಮಾರಾಕ ಸುಳ್ಳು ಹೇಳ್ತಾನ ಅಂತ ಅವಗ ಬಾಯಿಗೆ ಬಂದಂಗ ಬೈದೆ. 'ಸುಮ್ನ ನಾ ಕೊಟ್ಟದ್ದು ಹಚ್ಚು' ಅಂದೆ. ಅಂವ ಪಾಪ, ಹಚ್ಚಿ ಹೋದ."

ಸಿದ್ದಾರೂಢನಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೊಬೈಲಿನಲ್ಲಿ ಯಾವನೋ ಹೇಳಿದ್ದನ್ನೆಲ್ಲ ನಂಬಿದ ಹೆಂಗಸು, ಎದುರಿಗೆ ಕುಳಿತು ಬೆಂಕಿ ಊದುತ್ತಿದ್ದವನು ಹೇಳಿದ ಒಂದೇ ಒಂದು ನಿಜವನ್ನು ನಂಬಿರಲಿಲ್ಲ.

"ನೀ ಕೊಟ್ಟದ್ದು ಅಂದ್ರ? ಕಡ್ಡಿ ನಿನ್ನ ಕೈಗೆ ಎಲ್ಲಿಂದ ಬಂತು?"

"ಬೀದ್ಯಾಗಿನವರ ತವರಾ ನಂಬಬಾರದು ಅಂತ, ಮನ್ಯಾಗಿಂದಽ ಕೊಟ್ಟೆ."

"ಮನಿಯೊಳಗ ಯಾರು ಕೊಟ್ರು?"

ಗೌರಾಬಾಯಿ ತಲೆ ಎತ್ತಿದಳು. ಉತ್ತರ ಬಾಯಿಗೆ ಬರುವ ಮೊದಲು ಕಣ್ಣಿಗೆ ಬಂತು.

"ಅಣ್ಣ" ಎಂದಳು. "ಶಿವರುದ್ರಣ್ಣ. ಅಂಗಡ್ಯಾಗಿಂದು ಚೊಕ್ಕ ತವರಾ ಅಂತ ತಂದುಕೊಟ್ಟ. ಅವಗ ಗೊತ್ತಿರಲಿಕ್ಕಿಲ್ಲ. ಯಾರೋ ಅವಗೂ ಮೋಸ ಮಾಡಿರಬೇಕು."

"ನಲವತ್ತು ವರ್ಷ ತವರ, ಸೀಸ ತೂಗಿದಾಂವ. ನನ್ನಂಥಾ ಬಾಟ್ಲಿ ತೊಳದಾಂವಗ ಉಗುರಿನ್ಯಾಗ ತಿಳೀತು. ಅವಗ ತಿಳೀಲಿಲ್ಲಂತ?"

"ಹಂಗ ಅನ್ನಬ್ಯಾಡ! ಸ್ವಂತ ಸೋದರಮಾವ ಅಂವ. ಜಾಗಾದ ಮಾತಿಗೆ ಎರಡು ಜಗಳಾ ಆಗ್ಯಾವು ಖರೇ, ಆದ್ರ..."

"ಯಾವ ಜಾಗಾ?"

"ಇದಽ. ಈ ಖಾನಾವಳಿ ಜಾಗಾ. ನಮ್ಮವರು ಹೋಗೂಮುಂದ ಪುನ್ಯಾನ ಹೆಸರಿಗೆ ಮಾಡಿದ್ರು. ಬಿಲ್ಡರಗ ಕೊಡೂಣು, ಸಹಿ ಮಾಡು ಅಂತ ಅಣ್ಣ ಬೆನ್ನು ಹತ್ತಿದ್ದ. ಪುನ್ಯಾ ಒಲ್ಲೆ ಅಂದ. ಅದು ಹ್ವಾದ ವರ್ಷದ ಮಾತು. ಈಗ ಎಲ್ಲಾ ಸರಿ ಐತಿ."

ಸಿದ್ದಾರೂಢ ಆಗಲೇ ನೀಲಿಮಾಗೆ ಫೋನು ಹಚ್ಚಿದ್ದ.

"ಸಿಕ್ತು ತಂಗಿ. ಹಿತ್ತಾಳಿ ತಂಬಿಗಿ, ಮಜ್ಜಿಗಿ. ಅವನ ಹತ್ರ ಇನ್ನೊಂದು ತಂಬಿಗಿ ಇರಬೇಕು, ಈಗಿಂದೀಗ ಕಸಕೋ. ಔಷಧ ಶುರು ಮಾಡು."

"ಯಾರಿಗೆ ಶುರು ಮಾಡ್ಲಿ ಕಾಕಾ?" ಎಂದಳು ನೀಲಿಮಾ. "ನಾ ಓಪಿಡಿಯೊಳಗಿದ್ದೆ. ಒಂದು ತಾಸಿನ ಹಿಂದ ಅವರ ಮಾಮಾ ಬಂದು, ನಮ್ಮ ಜವಾಬ್ದಾರಿ ಮ್ಯಾಲೆ ಒಯ್ತೇವಿ ಅಂತ ಬರಕೊಟ್ಟು ಡಿಸ್ಚಾರ್ಜ್ ಮಾಡಿಸ್ಯಾರ. ನಾನಽ ನಿಮಗ ಫೋನ್ ಮಾಡಬೇಕು ಅಂತಿದ್ದೆ. ಹಾಸಿಗಿ ಖಾಲಿ ಅದ."

ಮಾತು ಗೌರಾಬಾಯಿಗೂ ಕೇಳಿಸಿತ್ತು. ಅವಳ ಕೈ ಆಗಲೇ ತನ್ನ ಮೊಬೈಲಿನ ಮೇಲಿತ್ತು. ಸಿದ್ದಾರೂಢ ತಡೆದ.

"ತಂಬಿಗಿ ಸುದ್ದಿ ಎತ್ತಬ್ಯಾಡ. ನಾ ಇಲ್ಲಿದ್ದೇನಿ ಅನಬ್ಯಾಡ. ಎಲ್ಲಿದ್ದೀ ಅಂತ ಅಷ್ಟಽ ಕೇಳು. ಸ್ಪೀಕರ್ ಹಚ್ಚು."

ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಎತ್ತಿದ. ಹಿಂದೆ ಗಾಡಿಯ ಸದ್ದು, ಹಾರನ್ನು.

"ಅಣ್ಣಾ, ಎಲ್ಲಿದ್ದೀ?"

"ಹಡಪ್ಸರ ದಾಟೇವಿ, ಗೌರಿ. ಬಾರಾಮತಿ ಹಂತೇಲಿ ನಾಟಿ ವೈದ್ಯ ಒಬ್ಬಾಂವ ಅದಾನ. ಈ ಡಾಕ್ಟರ್ ಮಂದಿ ಹದಿಮೂರು ದಿನಾ ಏನ್ ಕಿಸದ್ರು? ನೀ ಚಿಂತಿ ಮಾಡಬ್ಯಾಡ." ಅದೇ ಮೆತ್ತಗಿನ ಮಾತು. "ಆ ಸಿದ್ದಾರೂಢ ಬಂದಿದ್ನೇನು?"

"ಇಲ್ಲ."

"ಬಂದ್ರ, ಹಲಗಿ ಮ್ಯಾಲಿನ ತಂಬಿಗಿ ಅವನ ಕೈಯಾಗ ಕೊಡಬ್ಯಾಡ. ಯಾರಿಗೂ ಕೊಡಬ್ಯಾಡ. ನಾ ಬಂದು ಒಯ್ತೇನಿ."

ಗೌರಾಬಾಯಿ ಸಿದ್ದಾರೂಢನ ಮುಖ ನೋಡಿದಳು. 'ಅವಗ ಗೊತ್ತಿರಲಿಕ್ಕಿಲ್ಲ' ಎಂದ ಬಾಯಿ ತೆರೆದೇ ಇತ್ತು.

ಫೋನಿನೊಳಗಿಂದ ಇನ್ನೊಂದು ಧ್ವನಿ ಬಂತು. ಒಣಗಿದ, ತೊದಲುವ ಧ್ವನಿ. "ಮಾಮಾ, ಬಾಯಿ ಆರಾಕತ್ತೈತಿ..."

"ಕುಡಿ, ಅಪ್ಪಾ, ಕುಡಿ" ಎಂದ ಶಿವರುದ್ರಪ್ಪ. "ತಡಿ, ನಿನ್ನ ಕೈ ಏಳೂದಿಲ್ಲ, ನಾನಽ ಕುಡಸ್ತೇನಿ. ನಿಮ್ಮವ್ವ ಕಳಿಸಿದ ಮಜ್ಜಿಗಿ."

"ಪುನ್ಯಾ! ಕುಡೀಬ್ಯಾಡೋ! ಕುಡೀಬ್ಯಾಡೋ ಪುನ್ಯಾ!"

ಗೌರಾಬಾಯಿಯ ಕೂಗಿಗೆ ಓಣಿಯ ಜನ ಬಾಗಿಲಿಗೆ ಓಡಿಬಂದರು. ಸಿದ್ದಾರೂಢ ಅವಳ ಕೈಯಿಂದ ಫೋನು ಕಸಿದುಕೊಂಡು ನೋಡಿದ. ಕರೆ ಮುಗಿದಿತ್ತು. ಅವಳು ಕೂಗುವ ಮೊದಲೇ ಮುಗಿದಿತ್ತೋ, ಕೂಗಿದ ಮೇಲೆ ಮುಗಿಯಿತೋ, ಅದು ಆ ಗಾಡಿಯೊಳಗಿದ್ದವರಿಗೆ ಮಾತ್ರ ಗೊತ್ತಿತ್ತು.

ಮತ್ತೆ ಹಚ್ಚಿದ. ಸ್ವಿಚ್ಡ್ ಆಫ್.